ಕೆರಿ ಹೂಳಿನ ಡ್ರೋನ್ ಸರ್ವೇ ಮಾಡಿಸಿದ್ವಿ: ಅಳತಿ ಛಲೋ, ರಿಪೋರ್ಟ್ ಕೊಡೋದು ಸುಧಾರಿಸ್ಬೇಕು

ಗದಗ ತಾಲೂಕಿನ ನಮ್ಮೂರ ಕೆರಿ ಹೂಳು ತಗಸಾಕ ಎಸ್ಟಿಮೇಟ್ ಬೇಕಿತ್ತು, ಅದಕ್ಕ ಈ ಬ್ಯಾಸಗ್ಯಾಗ ಹುಬ್ಬಳ್ಳಿಯ ಒಂದು ಡ್ರೋನ್ ಸರ್ವೇ ಟೀಮ್ ಕರಸಿದ್ವಿ. ಬ್ಯಾರೆ ಊರಿನ ಕೆರಿ ಕಮಿಟಿಯವರಿಗೂ ಉಪಯೋಗ ಆಗ್ಲಿ ಅಂತ ಬರೀತೀನಿ.

ಭಾಳ ಖುಷಿ ಆಗಿದ್ದು ಏನಂದ್ರ ಇವ್ರು ಬಂದ ಕೂಡ್ಲೆ ಡ್ರೋನ್ ಹಾರಿಸ್ಲಿಲ್ಲ. ಹಿಂದಿನ ದಿನ ಸಂಜಿಮುಂದ ಒಡ್ಡಿನ ಮ್ಯಾಲೆ, ಕೋಡಿ ಹತ್ರ, ತೂಬಿನ ಮುಂದ, ಬಿರಕು ಬಿಟ್ಟ ಎರಿ ಮಣ್ಣಿನಾಗ ಅಲ್ಲಲ್ಲಿ ಸುಣ್ಣದ್ಲೆ ದೊಡ್ಡ ಪ್ಲಸ್ ಗುರ್ತು ಹಾಕಿ, ಒಂದೊಂದರ ನಡುವ ಕೋಲು ನೆಟ್ಟಗ ಹಿಡದು ಜಿಪಿಎಸ್ ರೀಡಿಂಗ್ ತಗೊಂಡ್ರು. ಆ ಗುರ್ತು ಫೋಟೋದಾಗ ಕಾಣ್ತಾವ, ಆ ರೀಡಿಂಗಿಗೆ ಮ್ಯಾಪಿನ ಎತ್ತರ ಹೊಂದಿಸ್ತಾರ. ಇದಿಲ್ದ ಸಾದಾ ಡ್ರೋನ್ ಹಾರಿಸಿದ್ರ ಫೋಟೋ ಚಂದ ಬರ್ತಾವ, ಆದ್ರ ಎತ್ತರದ ಲೆಕ್ಕ ಮೀಟರ್‌ಗಟ್ಲೆ ತಪ್ಪಬಹುದು, ಹೂಳಿನ ಕೆಲಸದಾಗ ಅಷ್ಟು ತಪ್ಪಿದ್ರ ಎಸ್ಟಿಮೇಟ್ ಪೂರಾ ಹಾಳು.

ನಮ್ಮ ಕಡೆ ಗಾಳಿ ಗೊತ್ತಲ್ರಿ, ಹಂಗಾಗಿ ಮುಂಜಾನೆ ಲಗೂನ ಹಾರಿಸಿ ಮುಗಿಸಿದ್ರು. ಸುಮಾರು 100 ಮೀಟರ್ ಎತ್ತರದಿಂದ, ಒಂದು ಫೋಟೋದ ಮ್ಯಾಲೆ ಇನ್ನೊಂದು 80 ಪರ್ಸೆಂಟ್ ಬರೂಹಂಗ. ಮ್ಯಾಪಿನಾಗ ಹಳ್ಳ ಕೆರಿಗೆ ಕೂಡೋ ಕಡೆ ಹೂಳು ಹೆಂಗ ದಿಬ್ಬ ಕಟ್ಟೇತಿ ಅನ್ನೋದು ಎದ್ದು ಕಾಣ್ತದ. ಪೈಲಟ್ ಸರ್ಟಿಫಿಕೇಟು, ಡ್ರೋನಿನ ಯುಐಎನ್ (ನೋಂದಣಿ) ನಂಬರು ಕೇಳೋ ಮೊದ್ಲ ತೋರಿಸಿದ್ರು. ನೀವು ಹುಬ್ಬಳ್ಳಿ ಏರ್‌ಪೋರ್ಟ್ ಸುತ್ತಮುತ್ತ ಇದ್ರ ಪರವಾನಗಿ ವಿಷ್ಯ ಮೊದ್ಲ ಕೇಳ್ರಿ, 2021ರ ಡ್ರೋನ್ ರೂಲ್ಸ್ ಪ್ರಕಾರ ಅಲ್ಲಿ ಎತ್ತರದ ಮಿತಿ ಬ್ಯಾರೆ.

ಇನ್ನೊಂದು, ಜಾಲಿ ಬೆಳದ ಕಡೆ ಕ್ಯಾಮೆರಾಕ್ಕ ಗಿಡದ ತುದಿ ಕಾಣ್ತದ ಹೊರತು ನೆಲ ಕಾಣೂದಿಲ್ಲ. ಅದನ್ನ ಅವ್ರೇ ಹೇಳಿ, ಮುಳ್ಳಾಗ ಹೊಕ್ಕು ಕೈಲೆ ರೀಡಿಂಗ್ ತಗೊಂಡ್ರು. ಹೂಳು ಎಷ್ಟು ಆಳ ಐತಿ ಅಂತ ಡ್ರೋನ್ ಹೇಳೂದಿಲ್ಲ, ಅದಕ್ಕ ಗುಂಡಿ ತಗದ ನೋಡ್ಬೇಕು ಅಂತನೂ ಅಂದ್ರು. ಇಷ್ಟು ಬಿಚ್ಚಿ ಹೇಳೋರು ಸಿಗೂದು ಕಮ್ಮಿ.

ಬ್ಯಾಸರ ಆಗಿದ್ದು ರಿಪೋರ್ಟಿಂದು. ಎಲ್ಲಾ ಇಂಗ್ಲಿಷಿನಾಗ, ಫೈಲ್ ಮೊಬೈಲಿನಾಗ ತೆರಿಯೂದಿಲ್ಲ, ಪ್ರಿಂಟ್ ಮ್ಯಾಪಿಗೆ ಮತ್ತ ಮತ್ತ ಫೋನ್ ಮಾಡಬೇಕಾತು. ಸರ್ವೇ ನಂಬರ್ ಹಾಕಿದ ಕನ್ನಡ ಮ್ಯಾಪು ಬೇಕಂತ ಮೊದ್ಲ ಬರಸ್ಕೊಳ್ರಿ.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಬರೂಹಂಗ ಚಳಿಗಾಲಕ್ಕ ನಿಮ್ಮ ಕೆರಿಗೂ ಪಟ್ಟೆ ತಲೆ ಹೆಬ್ಬಾತು ಬರ್ತಿದ್ರ ಆವಾಗ ದಯವಿಟ್ಟು ಹಾರಿಸಬ್ಯಾಡ್ರಿ, ಹಕ್ಕಿ ಬೆದರ್ತಾವ, ನೀರು ನಿಂತಾಗ ತಳದ ಅಳತಿನೂ ಸಿಗೂದಿಲ್ಲ.

ಹೂಳು ತಗದ ಮ್ಯಾಲೆ, ಮಳಿ ಬರೋದ್ರಾಗ ಇವ್ರನ್ನೇ ಇನ್ನೊಮ್ಮೆ ಕರಸ್ತೀವಿ. ಎರಡೂ ಅಳತಿ ತಾಳೆ ಹಾಕಿದ್ರ ಎಷ್ಟು ಮಣ್ಣು ಖರೇನ ಹೋಗೇತಿ ಗೊತ್ತಾಗ್ತದ, ಆಮ್ಯಾಲೆ ಕಂಟ್ರ್ಯಾಕ್ಟರ್ ಬಿಲ್ಲಿಗೆ ಸಹಿ.