ಓಲ್ಡ್ ಪಾಸಡೀನಾ ಪಾರ್ಕಿಂಗ್: ಬೇಕಾದ ಕಡೆ ಮಾತ್ರ ಫ್ರೀ

ಲಾಸ್ ಏಂಜಲೀಸ್ ಸುತ್ತಮುತ್ತ ಇರುವ ನಮ್ಮವರು ಓಲ್ಡ್ ಪಾಸಡೀನಾಗೆ, ಅಂದರೆ ಪಾಸಡೀನಾ ಊರಿನ ಹಳೇ ಪೇಟೆಗೆ, ಹೊರಡುವ ಮುಂಚೆ ಕೇಳುವುದು ಇದೇ: ಕಾರು ಎಲ್ಲಿ ನಿಲ್ಲಿಸೋದು, ಎಷ್ಟು ದುಡ್ಡು? ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತೆ ಅಂದರೆ ಸಿಟಿಯವರ ಪಾರ್ಕಿಂಗ್ ಗ್ಯಾರೇಜಿಗೆ ಹೋಗಿ. ಸ್ಕೂಲ್‌ಹೌಸ್, ಡಿಲೇಸಿ, ಮ್ಯಾರಿಯಟ್ ಅಂತ ಮೂರಿವೆ, ಮೊದಲ 90 ನಿಮಿಷ ಫ್ರೀ. ಕೇಕ್ ಡಬ್ಬಿ ಎತ್ತಿಕೊಂಡು ಹತ್ತು ನಿಮಿಷದಲ್ಲಿ ವಾಪಸ್ ಬರುವವರಿಗೆ ರಸ್ತೆ ಬದಿ ಮೀಟರೇ ವಾಸಿ. ಮೀಟರಿಗೆ ಸಂಜೆ ಹೊತ್ತೂ ದುಡ್ಡು ಹಾಕಬೇಕು, ಭಾನುವಾರವೂ ಹಾಕಬೇಕು. ರಜಾ ದಿನ ಅಲ್ವಾ ಅಂತ ಸುಮ್ನೆ ನಿಲ್ಲಿಸಿ ಹೋಗಬೇಡಿ.

ನನ್ನ ಮಟ್ಟಿಗೆ ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಪಾರ್ಕಿಂಗ್ ವ್ಯವಸ್ಥೆ ಬೇರೆಲ್ಲೂ ನೋಡಿಲ್ಲ.

ಯಾಕೆ ಅಂತ ಹೇಳ್ತೀನಿ. ಇವತ್ತು ಇಲ್ಲಿಯ ಮುಖ್ಯ ರಸ್ತೆ ಕೊಲರಾಡೋ ಬುಲೆವಾರ್ಡ್‌ನಲ್ಲಿ ನಡೆಯುವಾಗ ಕಾಣುವ ಈ ಇಟ್ಟಿಗೆ ಕಟ್ಟಡಗಳು 1970ರ ದಶಕದಲ್ಲಿ ಪಾಳು ಬಿದ್ದ ಹಾಗಿದ್ದವು. ಆಗ ರಸ್ತೆ ಬದಿ ಪಾರ್ಕಿಂಗ್ ಪೂರ್ತಿ ಫ್ರೀ, ಎರಡು ಗಂಟೆ ಮಿತಿ ಅಷ್ಟೇ. ಆ ಫ್ರೀ ಜಾಗ ಸಿಕ್ಕಿದ್ದು ಗಿರಾಕಿಗಳಿಗಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವರು ಯಾರು ಹೇಳಿ? ಅಂಗಡಿ ಮಾಲೀಕರು, ಕೆಲಸದವರು. ಬಾಗಿಲ ಮುಂದೆ ತಮ್ಮ ಕಾರು ನಿಲ್ಲಿಸಿಕೊಂಡು, ದಂಡ ತಪ್ಪಿಸಿಕೊಳ್ಳಲು ಎರಡು ಗಂಟೆಗೊಮ್ಮೆ ಹೊರಗೆ ಬಂದು ಜಾಗ ಬದಲಾಯಿಸುತ್ತಿದ್ದರು. ಕೊಳ್ಳಲು ಬಂದವನು ಸುತ್ತು ಹೊಡೆದು ಹೊಡೆದು ಮನೆಗೆ ಹೋಗುತ್ತಿದ್ದ.

ಮೀಟರ್ ಹಾಕುತ್ತೇವೆ ಅಂದಾಗ ಗಲಾಟೆ ಮಾಡಿದವರೂ ಅಂಗಡಿಯವರೇ. ಇರುವ ನಾಲ್ಕು ಗಿರಾಕಿಗಳೂ ಹೋಗುತ್ತಾರೆ ಅನ್ನುವ ಹೆದರಿಕೆ. ಅದು ತಪ್ಪು ಅಂತ ನಾನು ಹೇಳಲ್ಲ, ಬಾಡಿಗೆ ಕಟ್ಟಿ ಅಂಗಡಿ ನಡೆಸುವವರ ಕಷ್ಟ ಅವರಿಗೇ ಗೊತ್ತು. ಕೊನೆಗೆ ಸಿಟಿಯವರು ಒಂದು ಮಾತು ಕೊಟ್ಟರು: ಇಲ್ಲಿ ಮೀಟರಿಗೆ ಬಿದ್ದ ದುಡ್ಡೆಲ್ಲ ಇಲ್ಲಿಯ ಬೀದಿಗೇ ಖರ್ಚಾಗುತ್ತೆ. ಅಲ್ಲಿಗೆ ಎಲ್ಲರೂ ಒಪ್ಪಿದರು. 1993ರಲ್ಲಿ ಗಂಟೆಗೆ ಒಂದು ಡಾಲರ್‌ನಂತೆ ಮೀಟರ್ ಬಂತು. ಆ ಆದಾಯವನ್ನೇ ನಂಬಿಕೊಂಡು 50 ಲಕ್ಷ ಡಾಲರ್ ಸಾಲ ತೆಗೆದು ಫುಟ್‌ಪಾತ್, ಮರ, ದೀಪ, ಬೆಂಚು ಎಲ್ಲ ಮಾಡಿಸಿದರು. 2001ರಲ್ಲಿ ಸುಮಾರು 690 ಮೀಟರ್‌ಗಳಿಂದ ಖರ್ಚು ಕಳೆದು ಉಳಿದದ್ದೇ 12 ಲಕ್ಷ ಡಾಲರ್.

ಮುಂದಿನ ರಸ್ತೆ ಬಿಡಿ, ಹಿಂದಿನ ಓಣಿಗಳನ್ನು ನೋಡಿ. ಬೇರೆ ಊರಲ್ಲಿ ಕಸದ ಡಬ್ಬಿ, ಗಲೀಜು ನೀರು ಇರುವ ಜಾಗ. ಇಲ್ಲಿ ನೆಲಕ್ಕೆ ಕಲ್ಲು ಹಾಸಿ, ದೀಪ ಹಾಕಿ, ಟೇಬಲ್ ಹಾಕಿದ್ದಾರೆ. ಜನ ಅಲ್ಲೇ ಕೂತು ಊಟ ಮಾಡುತ್ತಾರೆ. ಸಣ್ಣ ಅಂಗಡಿಯವನಿಗೆ ಗಿರಾಕಿಯನ್ನು ಕರೆತರುವುದು ಇದು.

ಫ್ರೀ ಪಾರ್ಕಿಂಗ್ ಕೊಟ್ಟರೆ ವ್ಯಾಪಾರ ತಾನಾಗಿ ಬರುತ್ತೆ ಅನ್ನುವವರು ಪಕ್ಕದಲ್ಲೇ ಇದ್ದ ಪ್ಲಾಜಾ ಪಾಸಡೀನಾ ಮಾಲ್ ಕಥೆ ನೋಡಬೇಕು. 1980ರಲ್ಲಿ ಶುರುವಾದ ದೊಡ್ಡ ಮಾಲ್, ಕೆಳಗಡೆ ಬೇಕಾದಷ್ಟು ಫ್ರೀ ಪಾರ್ಕಿಂಗ್. ಇಪ್ಪತ್ತು ವರ್ಷದಲ್ಲಿ ಸೊರಗಿ ಹೋಗಿ ಅದನ್ನು ಒಡೆದೇ ಹಾಕಿದರು. ಆ ಕಡೆ ಲಾಸ್ ಏಂಜಲೀಸ್‌ನ ಇನ್ನೊಂದು ಪೇಟೆ ವೆಸ್ಟ್‌ವುಡ್ ವಿಲೇಜ್‌ನಲ್ಲಿ 1994ರಲ್ಲಿ ಅಂಗಡಿಯವರ ಮಾತು ಕೇಳಿ ಮೀಟರ್ ದರ ಡಾಲರಿನಿಂದ ಅರ್ಧ ಡಾಲರಿಗೆ ಇಳಿಸಿದರು. ವ್ಯಾಪಾರ ಮಾತ್ರ ಚೇತರಿಸಿಕೊಳ್ಳಲಿಲ್ಲ, ಫುಟ್‌ಪಾತ್ ಒಡೆದದ್ದು ಒಡೆದ ಹಾಗೇ ಇತ್ತು. ಇದನ್ನೆಲ್ಲ ಹತ್ತಿರದಿಂದ ನೋಡಿ ಬರೆದವರು ಅಲ್ಲೇ ಪಕ್ಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಡೊನಾಲ್ಡ್ ಶೂಪ್. ನೂರು ಜಾಗದಲ್ಲಿ ಸುಮಾರು 85 ತುಂಬಿ 15 ಖಾಲಿ ಇರುವ ಹಾಗೆ ದರ ಇಡಿ ಅನ್ನುತ್ತಿದ್ದರು. ಬಂದವರಿಗೆ ಜಾಗ ಸಿಗಬೇಕು, ಬೀದಿ ಭಣಭಣ ಅನ್ನಲೂಬಾರದು.

ನನಗೆ ಓಲ್ಡ್ ಪಾಸಡೀನಾದಲ್ಲಿ ನಿಂತಾಗೆಲ್ಲ ಜಯನಗರ ನಾಲ್ಕನೇ ಬ್ಲಾಕ್ ನೆನಪಾಗುತ್ತೆ. ಅಲ್ಲೂ ಅದೇ ಕಥೆ, ಬೆಳಿಗ್ಗೆ ಸ್ಟ್ಯಾಂಡ್ ಹಾಕಿದ ಅಂಗಡಿಯವರ ಸ್ಕೂಟರು ರಾತ್ರಿವರೆಗೂ ಕದಲಲ್ಲ. ದುಡ್ಡು ವಸೂಲಿ ಮಾಡಿ ಅಂದರೆ ಜನಕ್ಕೆ ಸಿಟ್ಟು ಬರುತ್ತೆ, ಬರಲೇಬೇಕು, ಯಾಕೆಂದರೆ ಆ ದುಡ್ಡು ಎಲ್ಲಿ ಹೋಯಿತು ಅಂತ ಯಾರಿಗೂ ಕಾಣಿಸಲ್ಲ. ಆ ದುಡ್ಡಲ್ಲಿ ಅದೇ ಬೀದಿಯ ಕಲ್ಲು ಸರಿಮಾಡಿ, ಲೈಟು ಹಾಕಿ, ಲೆಕ್ಕ ಬರೆದು ಬೋರ್ಡ್ ಹಾಕಿ ನೋಡಲಿ, ಅಂಗಡಿಯವರೇ ಮುಂದೆ ನಿಂತು ನಡೆಸುತ್ತಾರೆ.

ಕೊರತೆ ಅಂದರೆ, ಮಕ್ಕಳು ಮರಿ ಕಟ್ಟಿಕೊಂಡು ಕೂತು ಊಟ ಮಾಡುವವರಿಗೆ 90 ನಿಮಿಷ ಸಾಲದು. ಎರಡು ಗಂಟೆ ಮಾಡಿದರೆ ಒಳ್ಳೆಯದು. ಮತ್ತೆ ಜನವರಿ 1ಕ್ಕೆ (ಅದು ಭಾನುವಾರ ಬಂದರೆ 2ಕ್ಕೆ) ರೋಸ್ ಪರೇಡ್ ಅನ್ನುವ ಹೂವಿನ ಮೆರವಣಿಗೆ ಇರುತ್ತೆ, ಕೊಲರಾಡೋ ಬುಲೆವಾರ್ಡ್ ಬಂದ್. ಅವತ್ತು ಕಾರಿನ ಆಸೆ ಬಿಟ್ಟು ಮೆಟ್ರೋ ಎ ಲೈನ್ ಹಿಡಿದು ಮೆಮೋರಿಯಲ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿಯಿರಿ.