ನಂಬಿದವರ ಪಟ್ಟಿ: ಮೂರು ಥರ ಇಟ್ಟು ನೋಡಿದೆ

ನನ್ನ ಮೇಲ್ ಸರ್ವರ್ ನಾನೇ ನೋಡಿಕೊಳ್ಳುತ್ತೇನೆ. ಸ್ಪ್ಯಾಮ್ ಸೋಸುವುದು ಸ್ಪ್ಯಾಮ್‌ಅಸಾಸಿನ್ ಕೆಲಸ. ಅದು ಪ್ರತಿ ಮೇಲ್‌ಗೂ ಅಂಕ ಹಾಕುತ್ತದೆ, 5 ಮುಟ್ಟಿದರೆ ಸ್ಪ್ಯಾಮ್. ಆದರೆ ಕಳಿಸಿದವರು ನಂಬಿದವರ ಪಟ್ಟಿಯಲ್ಲಿದ್ದರೆ ಒಂದೇ ಏಟಿಗೆ 100 ಅಂಕ ಕಳೆಯುತ್ತದೆ. ಆಮೇಲೆ ಉಳಿದ ಪರೀಕ್ಷೆಗಳು ಏನೇ ಬಡಕೊಂಡರೂ ಕೇಳುವವರಿಲ್ಲ.

ಬೇಕಾದ ಮೇಲ್‌ಗಳೇ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುತ್ತಿದ್ದವು. ಹಾಗಾಗಿ ಪಟ್ಟಿ ಮಾಡಲು ಕೂತೆ.

ಮೊದಲು ಒಂದೊಂದೇ ವಿಳಾಸ ಸೇರಿಸಿದೆ. ಕೆಲಸವೇನೋ ಆಯಿತು, ಆದರೆ ಮುಗಿಯುವ ಬಾಬತ್ತಲ್ಲ. ರಸೀದಿ ಒಂದು ವಿಳಾಸದಿಂದ ಬಂದರೆ ಓಟಿಪಿ ಇನ್ನೊಂದರಿಂದ. ಎರಡು ವಾರಕ್ಕೇ ಬೇಜಾರು ಬಂತು.

ಆಮೇಲೆ ಸೋಮಾರಿಯ ದಾರಿ ಹಿಡಿದೆ: ನಕ್ಷತ್ರ ಚಿಹ್ನೆ ಹಾಕಿ ಇಡೀ ಡೊಮೇನನ್ನೇ (ವಿಳಾಸದಲ್ಲಿ @ ಆದಮೇಲಿನ ಭಾಗ) ನಂಬುವುದು. ಸುಮ್ನೆ ಇರಲಿ ಅಂತ ನನ್ನ ಡೊಮೇನನ್ನೂ ಸೇರಿಸಿಬಿಟ್ಟೆ. ಒಂದು ಬೆಳಿಗ್ಗೆ ಇನ್‌ಬಾಕ್ಸ್‌ನಲ್ಲಿ ನನಗೆ ನಾನೇ ಕಳಿಸಿದ ಮೇಲ್! ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಪಾಸ್‌ವರ್ಡ್ ಖಚಿತಪಡಿಸಿ’ ಅಂತ. ಹೆಡರ್ (ಮೇಲ್ ಜೊತೆ ಬರುವ ತಾಂತ್ರಿಕ ವಿವರ) ತೆಗೆದು ನೋಡಿದೆ. ಮಿಕ್ಕ ಪರೀಕ್ಷೆಗಳೆಲ್ಲ ಸೇರಿ 13.8 ಅಂಕ ಕೊಟ್ಟಿದ್ದವು. ಪಟ್ಟಿಯಿಂದಾಗಿ ಅದು ಮೈನಸ್ 86.2 ಆಗಿತ್ತು. ಫಿಲ್ಟರ್ ಕಳ್ಳನನ್ನು ಹಿಡಿದಿತ್ತು, ಬಿಟ್ಟು ಕಳಿಸಿದ್ದು ನಾನು.

ಫ್ರಮ್ ಸಾಲಿನಲ್ಲಿ ಯಾರ ಹೆಸರು ಬೇಕಾದರೂ ಬರೆಯಬಹುದು, ಕಾಗದದ ಕವರ್ ಮೇಲೆ ಬರೆದ ಹಾಗೆ. ತಮಾಷೆ ಅಂದರೆ ಆ ಮೇಲ್‌ನಲ್ಲಿ ‘ಎಸ್‌ಪಿಎಫ್ ಪಾಸ್’ ಅಂತಲೇ ಇತ್ತು. ಎಸ್‌ಪಿಎಫ್ ಅಂದರೆ ಆ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಕಳಿಸಿದ ಸರ್ವರ್‌ಗೆ ಅನುಮತಿ ಇದೆಯೇ ಅಂತ ನೋಡುವ ಪರೀಕ್ಷೆ. ಅದು ನೋಡುವುದು ರಿಟರ್ನ್-ಪಾತ್‌ನಲ್ಲಿರುವ (ತಲುಪದ ಮೇಲ್ ವಾಪಸ್ ಹೋಗುವ ವಿಳಾಸ) ಡೊಮೇನನ್ನು. ಅಲ್ಲಿ ಅವನು ತನ್ನದೇ ಡೊಮೇನ್ ಹಾಕಿದ್ದ, ಫ್ರಮ್‌ನಲ್ಲಿ ಮಾತ್ರ ನನ್ನದು. ಪಾಸ್ ಆಗದೆ ಇನ್ನೇನು?

ಮೂರನೆಯದು ಸ್ಪ್ಯಾಮ್‌ಅಸಾಸಿನ್‌ನ ವೆಲ್‌ಕಮ್‌ಲಿಸ್ಟ್_ಆತ್ ಅನ್ನುವ ಸೆಟ್ಟಿಂಗ್. ಹಳೇ ಆವೃತ್ತಿಗಳಲ್ಲಿ ಇದೇ ವೈಟ್‌ಲಿಸ್ಟ್_ಆತ್. ಇಲ್ಲಿ ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ಆ ಹೆಸರಿಗೇ ಡಿಕಿಮ್ ಸಹಿಯೋ (ಕಳಿಸುವ ಡೊಮೇನ್ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಎಸ್‌ಪಿಎಫೋ ತಾಳೆಯಾಗಬೇಕು. ಆಗ ಮಾತ್ರ 100 ಅಂಕದ ರಿಯಾಯಿತಿ. ಅದೇ ಥರದ ನಕಲಿ ಮೇಲ್‌ಗಳು ಆಮೇಲೂ ಬಂದವು, ಸೀದಾ ಸ್ಪ್ಯಾಮ್ ಫೋಲ್ಡರ್‌ಗೆ ಹೋದವು. ಡೊಮೇನ್ ಪೂರ್ತಿ ಸೇರಿಸಿದರೂ ಹೆದರಿಕೆ ಇಲ್ಲ. ಸುದ್ದಿಪತ್ರಗಳಿಗೆ ಮಾತ್ರ ನಾನು ಡೆಫ್ ಅಂತ ಶುರುವಾಗುವ ಮೆತ್ತನೆಯ ರೂಪ ಬಳಸುತ್ತೇನೆ, ಅದು ಬರೀ 7.5 ಕಳೆಯುತ್ತದೆ. ತೀರಾ ಕೆಟ್ಟ ಮೇಲ್ ಆದರೆ ಆಗಲೂ ಸಿಕ್ಕಿಬೀಳುತ್ತದೆ. ನನ್ನ ಓಟು ಇದಕ್ಕೇ.

ತೊಡಕಿಲ್ಲ ಅಂತಲ್ಲ. ಗೆಳೆಯನೊಬ್ಬನ ಹಳೇ ಸರ್ವರ್ ಡಿಕಿಮ್ ಸಹಿ ಹಾಕುವುದಿಲ್ಲ. ಅವನ ಮೇಲ್ ನನ್ನ ಇನ್ನೊಂದು ವಿಳಾಸಕ್ಕೆ ಬಂದು ಅಲ್ಲಿಂದ ಫಾರ್ವರ್ಡ್ ಆಗುತ್ತದೆ. ಫಾರ್ವರ್ಡ್ ಆದಾಗ ಎಸ್‌ಪಿಎಫ್ ಮುರಿಯುತ್ತದೆ, ಯಾಕಂದರೆ ತಲುಪಿಸುವ ಸರ್ವರ್ ಬೇರೆಯದು. ಡಿಕಿಮ್ ಇದ್ದಿದ್ದರೆ ಒಳಗಿನದು ಬದಲಾಗದಷ್ಟು ಕಾಲ ಉಳಿಯುತ್ತಿತ್ತು. ಅವನೊಬ್ಬನಿಗೆ ವಿಳಾಸದ ಜೊತೆಗೆ ತಲುಪಿಸುವ ಸರ್ವರ್ ಹೆಸರನ್ನೂ ತಾಳೆ ನೋಡುವ ಸಾಲು ಬರೆದೆ. ನನ್ನ ಡೊಮೇನ್ ಈಗ ಯಾವ ಪಟ್ಟಿಯಲ್ಲೂ ಇಲ್ಲ.