ಬೆಂಗಳೂರೋ ಮೈಸೂರೋ: ನಕ್ಷತ್ರ ನೋಡುವವರು ಯಾವುದನ್ನು ಆರಿಸಬೇಕು?

ಕೆಲಸಕ್ಕಾಗಿ ಊರು ಬಿಡುವಾಗ ಬಾಡಿಗೆ, ಶಾಲೆ, ಟ್ರಾಫಿಕ್ ಎಲ್ಲ ವಿಚಾರಿಸುತ್ತೇವೆ. ಆಕಾಶದ ಹುಚ್ಚಿರುವವರು ಅಲ್ಲಿನ ರಾತ್ರಿಯನ್ನೂ ವಿಚಾರಿಸಬೇಕು.

ಬೆಂಗಳೂರಿನ ತಾರಸಿಯಿಂದ ಆಕಾಶಗಂಗೆ ಕಾಣದು. ಬೀದಿದೀಪಗಳ ಬೆಳಕು ಧೂಳಿಗೆ ತಾಗಿ ಚದುರಿ ಇಡೀ ಆಕಾಶವನ್ನು ಮಂಕು ಮಾಡುತ್ತದೆ. ಆದರೆ ಚಂದ್ರನ ಕುಳಿಗಳು, ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು, ಶನಿಯ ಬಳೆ ಇವಕ್ಕೆ ಆ ಬೆಳಕು ಅಷ್ಟಾಗಿ ಅಡ್ಡಿಯಲ್ಲ, ಸಣ್ಣ ದೂರದರ್ಶಕ ಸಾಕು. 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ತಾರಾಲಯ, ನಕ್ಷತ್ರಗಳ ಭೌತವಿಜ್ಞಾನದ ಸಂಶೋಧನೆ ನಡೆಸುವ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಇಲ್ಲೇ ಇವೆ. ಕುತೂಹಲದ ಮಕ್ಕಳಿರುವ ಮನೆಗೆ ಇದು ಸಣ್ಣ ಲಾಭವಲ್ಲ.

ಮೈಸೂರಿನ ಬಲ ಬೇರೆ: ಊರು ಬೇಗ ಮುಗಿಯುತ್ತದೆ. ಊಟ ಮಾಡಿ ಎಚ್.ಡಿ. ಕೋಟೆ ದಾರಿ ಹಿಡಿದರೆ ಹೊಲಗಳ ನಡುವಿನ ಕತ್ತಲು ಸಿಗುತ್ತದೆ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ದಕ್ಷಿಣ ದಿಗಂತದ ಮೇಲೆ ಶಿಲುಬೆಯಾಕಾರದ ನಕ್ಷತ್ರಪುಂಜ ತ್ರಿಶಂಕು ಕಾಣುತ್ತದೆ. ಬೆಂಗಳೂರಿನವರಿಗೆ ಇಂಥ ಕತ್ತಲು ವಾರಾಂತ್ಯದ ಪ್ರಯಾಣ.

ಮಳೆಗಾಲದ ಮೋಡ ಇಬ್ಬರಿಗೂ ಒಂದೇ.

ಸಂಬಳ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ ಎನ್ನುವವರಿಗೆ ನಾನು ಮೈಸೂರನ್ನೇ ಹೇಳುತ್ತೇನೆ. ಬೆಂಗಳೂರೇ ಅನಿವಾರ್ಯವಾದರೆ, ಅಡ್ವಾನ್ಸ್ ಕೊಡುವ ಮೊದಲು ರಾತ್ರಿ ತಾರಸಿಯ ಬೀಗ ತೆಗೆಯುತ್ತಾರಾ ಎಂದು ಮನೆ ಮಾಲೀಕರನ್ನು ಕೇಳಿ.